ಶೂ ಹೊಸದು, ಕಾಲು ಮಾತ್ರ ಹಳೆಯದೇ!

*ಆರೋಗ್ಯ ಮಾಲಿಕೆ*



ಇಂದು ಔಷಧಿಯ ಬಗ್ಗೆಯಲ್ಲ, ಆಹಾರದ ಬಗ್ಗೆಯೂ ಅಲ್ಲ, ಕಾಲಿಗೆ ಹಾಕುವ ಶೂ ಬಗ್ಗೆ ಬರೆಯುತ್ತಿದ್ದೇನೆ. "ಶೂ ಬಗ್ಗೆ ಬರೆಯುವುದಕ್ಕೆ ಏನಿದೆ?" ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಏನಿದೆ ಎಂದು ತಿಳಿಯಲು ಏಳು ವಾರ ಮನೆಯಲ್ಲಿ ಕೂರಬೇಕಾಯಿತು.

ನಾನು ಘಾಟ್ಕೋಪರ್ ಪೂರ್ವದಲ್ಲಿ ಮೂವತ್ತು ವರ್ಷಗಳಿಂದ ಇರುವವನು. ವಯಸ್ಸು 54. ಮೂರು ವರ್ಷದ ಹಿಂದೆ ಡಾಕ್ಟರು, "ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ" ಎಂದು ಎಚ್ಚರಿಸಿದರು. ಅಂದಿನಿಂದ ಬೆಳಗಿನ ನಡಿಗೆ ಶುರುವಾಯಿತು. ನಡಿಗೆ ಮೆಲ್ಲಗೆ ಓಟವಾಯಿತು. ವಾರಕ್ಕೆ ನಾಲ್ಕು ದಿನ, ಗರೋಡಿಯಾ ನಗರದ ಸುತ್ತ ನಾಲ್ಕು ಕಿಲೋಮೀಟರ್. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.3ರಿಂದ 5.9ಕ್ಕೆ ಇಳಿಯಿತು, ಒಂದು ಮಾತ್ರೆಯೂ ಇಲ್ಲದೆ. ಆ ಧೈರ್ಯದಲ್ಲಿ ಜನವರಿಯ ಮುಂಬಯಿ ಮ್ಯಾರಥಾನ್‌ನಲ್ಲಿ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟೆ.

"ಅಪ್ಪಾ, ಆ ಸವೆದ ಶೂನಲ್ಲಿ ಓಡಬೇಡಿ" ಎಂದು ಮಗ ಅಂಗಡಿಗೆ ಕರೆದುಕೊಂಡು ಹೋದ. ದಪ್ಪ ಮೆತ್ತೆಯ ಅಡಿಯಿರುವ ಶೂ ತೋರಿಸಿದ ಸೇಲ್ಸ್ ಹುಡುಗ, "ಅಂಕಲ್, ಇದನ್ನು ಹಾಕಿದರೆ ಮಂಡಿನೋವು ಹತ್ತಿರವೂ ಸುಳಿಯುವುದಿಲ್ಲ" ಎಂದ. ನಾಲ್ಕು ಹೆಜ್ಜೆ ಇಟ್ಟು ನೋಡಿದೆ. ಹೊಸ ಹತ್ತಿ ಹಾಸಿಗೆಯ ಮೇಲೆ ನಿಂತ ಹಾಗಾಯಿತು. 14,999 ರೂಪಾಯಿ ಕೊಟ್ಟು ತಂದೆ.

ಮರುದಿನ ಭಾನುವಾರ. ಓಡಿದರೆ ಆಯಾಸವೇ ಗೊತ್ತಾಗಲಿಲ್ಲ. ನಾಲ್ಕು ಕಿಲೋಮೀಟರ್ ಓಡುವವನು ಒಂಬತ್ತು ಓಡಿ ಬಂದೆ. ಮಂಗಳವಾರ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟಾಗ ಹಿಮ್ಮಡಿಯ ಹಿಂಭಾಗ ಸೂಜಿ ಚುಚ್ಚಿದ ಹಾಗೆ ನೋವು. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜುವಿಗೆ ಪೆಟ್ಟಾಗಿತ್ತು. ಮ್ಯಾರಥಾನ್ ಅನ್ನು ಟಿವಿಯಲ್ಲಿ ನೋಡಿದೆ. ಅದಕ್ಕಿಂತ ಬೇಸರವಾದದ್ದು ಮುಂದಿನ ರಕ್ತಪರೀಕ್ಷೆ: 6.2.

ಶೂ ಕೆಟ್ಟದ್ದಾಗಿತ್ತೇ? ಇಲ್ಲ. ಇಂದಿಗೂ ಅದರಲ್ಲೇ ಓಡುತ್ತಿದ್ದೇನೆ. ಕೆಟ್ಟದ್ದು ನನ್ನ ಅವಸರ. *ಹೊಸ ಶೂ ಎಂದರೆ ಹೊಸ ಔಷಧಿ ಇದ್ದ ಹಾಗೆ. ಮೊದಲ ದಿನವೇ ಪೂರ್ತಿ ಬಾಟಲಿ ಕುಡಿಯುವುದಿಲ್ಲ ತಾನೇ?*

*ನನ್ನ ಕಾಲಿಗೆ ಆದದ್ದೇನು?*

ನನ್ನ ಹಳೆಯ ಶೂನಲ್ಲಿ ಹಿಮ್ಮಡಿ, ಬೆರಳ ಭಾಗಕ್ಕಿಂತ ಸುಮಾರು 10 ಮಿ.ಮೀ. ಎತ್ತರದಲ್ಲಿತ್ತು. ಹೊಸದರಲ್ಲಿ ಈ ವ್ಯತ್ಯಾಸ 5 ಮಿ.ಮೀ. ಮಾತ್ರ. ಹಿಮ್ಮಡಿ ಕೆಳಗಿಳಿದಷ್ಟೂ ಮೀನಖಂಡ ಮತ್ತು ಅಕಿಲಿಸ್ ಹೆಚ್ಚು ಎಳೆದುಕೊಳ್ಳುತ್ತವೆ. ಮೆತ್ತನೆಯ ಶೂ ಭಾರವನ್ನು ಮಾಯ ಮಾಡುವುದಿಲ್ಲ, ಬೇರೆ ಜಾಗಕ್ಕೆ ದಾಟಿಸುತ್ತದೆ. ಆ ಜಾಗಕ್ಕೆ ಹೊಸ ಕೆಲಸ ಕಲಿಯಲು ಸಮಯ ಬೇಕು. ಪಾದಕ್ಕೆ ಹಿತವಾಗಿರುವುದರಿಂದ ಸ್ನಾಯುವಿನ ದೂರು ನಮಗೆ ತಡವಾಗಿ ಕೇಳಿಸುತ್ತದೆ.

*ಸಂಶೋಧನೆ ಏನು ಹೇಳುತ್ತದೆ?*

ಮೆತ್ತೆಯಿಂದ ಲಾಭವೇ ಇಲ್ಲ ಎಂದಲ್ಲ. ಲಕ್ಸೆಂಬರ್ಗ್‌ನಲ್ಲಿ 848 ಹವ್ಯಾಸಿ ಓಟಗಾರರಿಗೆ ಗಟ್ಟಿ ಇಲ್ಲವೇ ಮೆತ್ತನೆಯ ಶೂ ಕೊಟ್ಟು ಆರು ತಿಂಗಳು ಗಮನಿಸಿದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗಟ್ಟಿ ಶೂ ಹಾಕಿದವರಿಗೆ ಗಾಯ ಹೆಚ್ಚಾಗಿತ್ತು. ಆದರೆ ಲಾಭ ಕಂಡದ್ದು ಹಗುರ ಮೈಯವರಲ್ಲಿ. "ತೂಕ ಜಾಸ್ತಿ ಇದ್ದರೆ ದಪ್ಪ ಮೆತ್ತೆಯೇ ಬೇಕು" ಎಂಬ ಅಂಗಡಿಯ ಮಾತಿಗೆ ಅಲ್ಲಿ ಬೆಂಬಲ ಸಿಗಲಿಲ್ಲ. 2018ರಲ್ಲಿ ಫಿನ್‌ಲೆಂಡ್‌ನ ಸಂಶೋಧಕರು ಇನ್ನೊಂದು ವಿಚಿತ್ರ ಕಂಡರು: ಅತಿ ಮೆತ್ತನೆಯ ಶೂ ಹಾಕಿ ವೇಗವಾಗಿ ಓಡಿದಾಗ ಕಾಲು ತಾನೇ ಬಿಗಿಯಾಗಿ, ನೆಲದ ಹೊಡೆತ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಪಾದದ ಆಕಾರ ನೋಡಿ, "ನಿಮ್ಮದು ಚಪ್ಪಟೆ ಪಾದ, ಇದೇ ಶೂ ಬೇಕು" ಎನ್ನುವವರಿದ್ದಾರೆ. ಹಾಗೆ ಆರಿಸಿಕೊಟ್ಟ ಶೂಗಳಿಂದ ಗಾಯ ಕಡಿಮೆಯಾಗುವುದಕ್ಕೆ ಗಟ್ಟಿ ಆಧಾರವಿಲ್ಲ ಎಂದು 2022ರ ಕೊಕ್ರೇನ್ ವಿಮರ್ಶೆ ಹೇಳಿದೆ.

ಇನ್ನು "ಹಿರಿಯರು ಬರಿಗಾಲಲ್ಲೇ ಇದ್ದರು, ಶೂ ಬೇಕೇ ಇಲ್ಲ" ಎಂಬ ಸಂದೇಶಗಳೂ ಓಡಾಡುತ್ತವೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. ಅವರೇ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಗೆದ್ದದ್ದೂ ನಿಜ! ನಮ್ಮೂರ ಕಂಬಳದಲ್ಲಿ ಕೋಣಗಳ ಹಿಂದೆ ಬರಿಗಾಲಲ್ಲಿ ಓಡುತ್ತಾರೆ, ಆದರೆ ಅಲ್ಲಿ ಕೆಸರೇ ಮೆತ್ತೆ. ಘಾಟ್ಕೋಪರ್‌ನಲ್ಲಿ ನಮಗಿರುವುದು ಕಾಂಕ್ರೀಟ್ ರಸ್ತೆ, ಏರುಪೇರಾದ ಪೇವರ್ ಬ್ಲಾಕ್. ಶೂ ಬೇಕು. ಆದರೆ ಶೂಗಿಂತ ಮೊದಲು ಅಭ್ಯಾಸ ಬೇಕು.

*ಕೊಳ್ಳುವಾಗ*

1. ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೆಯೇ ಊದುತ್ತದೆ.

2. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು, ಎದ್ದು ನಿಂತು ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಒಂದು ಪಾದ ದೊಡ್ಡದಿದ್ದರೆ ಅದರ ಅಳತೆಯೇ ಲೆಕ್ಕ.

3. ಸುಮ್ಮನೆ ನಿಂತರೆ ಎಲ್ಲ ಶೂ ಹಿತವೇ. ಅಂಗಡಿಯಲ್ಲಿ ಐದು ನಿಮಿಷ ಓಡಾಡಿ, ಒಂಟಿ ಕಾಲಲ್ಲಿ ನಿಲ್ಲಿ. ಪಾದ ಒಳಗೋ ಹೊರಗೋ ವಾಲಿದರೆ ಆ ಶೂ ಬೇಡ. ಪೇವರ್ ಬ್ಲಾಕ್ ಮೇಲೆ ಕಾಲು ಉಳುಕುವುದು ಖಂಡಿತ.

4. "ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತದೆ" ಎಂದರೆ ನಂಬಬೇಡಿ. ಅಂಗಡಿಯಲ್ಲೇ ಒತ್ತುವ ಶೂ ರಸ್ತೆಯಲ್ಲಿ ಬೊಕ್ಕೆ ಎಬ್ಬಿಸುತ್ತದೆ.

5. ಹಳೆಯ ಶೂನ ಹಿಮ್ಮಡಿ ಎತ್ತರ ಎಷ್ಟಿತ್ತು, ಹೊಸದರದು ಎಷ್ಟು ಎಂದು ಕೇಳಿ. ವ್ಯತ್ಯಾಸ ಹೆಚ್ಚಿದ್ದರೆ ಇನ್ನೂ ನಿಧಾನವಾಗಿ ಅಭ್ಯಾಸ ಮಾಡಿ.

*ಹಾಕಲು ಶುರು ಮಾಡುವಾಗ*

ಮೊದಲ ಎರಡು ದಿನ ಬರೀ ನಡಿಗೆ. ಆಮೇಲೆ ನಿಮ್ಮ ಮಾಮೂಲಿ ಓಟದ ಕಾಲು ಭಾಗ ಹೊಸ ಶೂನಲ್ಲಿ, ಉಳಿದದ್ದು ಹಳೆಯದರಲ್ಲಿ. ಮೂರು ನಾಲ್ಕು ವಾರದಲ್ಲಿ ಪೂರ್ತಿ ಬದಲಾಯಿಸಿ. ಹಳೆಯ ಶೂವನ್ನು ಅದೇ ದಿನ ಎಸೆಯಬೇಡಿ. ದೊಡ್ಡ ಓಟದ ದಿನ ಹೊಚ್ಚಹೊಸ ಶೂ ಹಾಕಲೇಬೇಡಿ.

ಮರುದಿನ ಬೆಳಗಿನ ಮೊದಲ ಹತ್ತು ಹೆಜ್ಜೆಯೇ ನಿಮ್ಮ ಪರೀಕ್ಷೆಯ ರಿಪೋರ್ಟು. ಹಿಮ್ಮಡಿ, ಮೀನಖಂಡ ಬಿಗಿಯಾಗಿ ನೋಯುತ್ತಿದ್ದರೆ ಅಂದು ಓಟ ಬೇಡ. ಓಡುವಾಗ ಹಿಮ್ಮಡಿಯ ಹಿಂದೆ ಫಟ್ ಎಂದು ಏನೋ ಕಡಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿಯುವವರು ಹೆಚ್ಚು ಎಚ್ಚರದಿಂದಿರಬೇಕು. ಬೊಕ್ಕೆ ಎದ್ದರೂ ನಿಮಗೆ ನೋವು ತಿಳಿಯುವುದಿಲ್ಲ. ಮೊದಲ ದಿನಗಳಲ್ಲಿ ಹೊಸ ಶೂ ಒಂದೆರಡು ಗಂಟೆ ಸಾಕು. ಹಾಕುವ ಮುನ್ನ ಒಳಗೆ ಕೈಯಾಡಿಸಿ, ಬಿಚ್ಚಿದ ಮೇಲೆ ಪಾದದ ಅಡಿ ನೋಡಿಕೊಳ್ಳಿ. ಕಾಣದಿದ್ದರೆ ಮನೆಯವರಿಗೆ ನೋಡಲು ಹೇಳಿ, ಸಂಕೋಚ ಬೇಡ.

ಮಳೆಗಾಲದಲ್ಲಿ ಒದ್ದೆಯಾದ ಶೂವನ್ನು ಬಿಸಿಲಲ್ಲೋ ಹೀಟರ್ ಮುಂದೋ ಇಡಬೇಡಿ, ಬಿಸಿಗೆ ಮೆತ್ತೆ ಮತ್ತು ಅಂಟು ಹಾಳಾಗುತ್ತವೆ. ಹಳೆಯ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ.

*ಕೊನೆಯ ಮಾತು*

ದುಬಾರಿ ಶೂ ಕೊಳ್ಳುವುದು ತಪ್ಪಲ್ಲ, ಅದು ಆರೋಗ್ಯ ತಂದುಕೊಡುತ್ತದೆ ಎಂದು ನಂಬುವುದು ತಪ್ಪು. ನನ್ನ ಸಕ್ಕರೆ ಇಳಿಸಿದ್ದು ನಾಲ್ಕು ದಿನದ ನಾಲ್ಕು ಕಿಲೋಮೀಟರ್, ಅದೂ ಆ ಸವೆದ ಶೂನಲ್ಲಿ. ಒಂದು ದಿನದ ಒಂಬತ್ತು ಕಿಲೋಮೀಟರ್ ಏಳು ವಾರವನ್ನು ನುಂಗಿತು. ನಮ್ಮ ವಯಸ್ಸಿನಲ್ಲಿ ಗೆಲುವು ಎಂದರೆ ವೇಗವಲ್ಲ, ನಾಳೆಯೂ ಮನೆಯಿಂದ ಹೊರಗೆ ಹೆಜ್ಜೆ ಇಡುವುದು.

ಈಗ ಮತ್ತೆ ನಾಲ್ಕು ಕಿಲೋಮೀಟರ್‌ಗೆ ಬಂದಿದ್ದೇನೆ. ಮುಂದಿನ ಜನವರಿಗೆ ಸಮಯವಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೊಸ ಶೂ ಕೊಂಡಿದ್ದರೆ ನಾಳೆ ಬೆಳಿಗ್ಗೆ ಅವರು ಹೊರಡುವ ಮೊದಲು ಇದನ್ನು ಕಳುಹಿಸಿ.

*ಆರೋಗ್ಯವಾಗಿರಿ, ನಡೆಯುತ್ತಾ ಇರಿ.*