ಹಿತ್ತಿಲ ಮರವನ್ನು ಕಡಿಸುವ ಗೃಹಸ್ಥರಿಗೆ

ಬೇಸಗೆ ಮುಗಿಯುತ್ತ ಬಂದಿತೆಂದರೆ ಮನೆಯ ಸೂರನ್ನು ಸರಿಪಡಿಸುವುದು, ಚರಂಡಿಯನ್ನು ತೆಗೆಯಿಸುವುದು, ಸೌದೆಯನ್ನು ಒಳಗೆ ಒಟ್ಟುವುದು ಮೊದಲಾದ ಕೆಲಸಗಳನ್ನು ಗೃಹಸ್ಥರು ಮರೆಯುವುದಿಲ್ಲ. ಹಿತ್ತಿಲಿನ ಮರವನ್ನು ಒಮ್ಮೆ ಸುತ್ತಿ ನೋಡುವವರು ಮಾತ್ರ ಅಪರೂಪ. ಅದು ಅಜ್ಜನ ಕಾಲದಿಂದ ನಿಂತಿದೆ, ಇನ್ನು ಮುಂದೆಯೂ ನಿಲ್ಲುವುದೆಂದು ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ತಿಳಿಯಲು ತೊಂಡೇಬಾವಿಯ ಕಡೆಯವರು ದೂರ ಹೋಗಬೇಕಾಗಿಲ್ಲ. ಅದೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ವಿದುರನೇ ನೆಟ್ಟನೆಂದು ಜನರು ಪೂಜಿಸುತ್ತಿದ್ದ ಪುರಾತನ ಅಶ್ವತ್ಥವೃಕ್ಷವು ೨೦೦೧ರಲ್ಲಿ ನೆಲಕ್ಕುರುಳಿತು. ಪೂಜೆ ಪಡೆದ ಮರಕ್ಕೇ ಆ ಗತಿಯಾದ ಮೇಲೆ, ಯಾರೂ ತಿರುಗಿ ನೋಡದ ಹಿತ್ತಿಲ ಮರದ ಮಾತೇನು?

ಭರಣಿ, ಕೃತ್ತಿಕೆ ಮಳೆಗಳ ಕಾಲವಾದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಬಯಲುಸೀಮೆಯ ಮೇಲೆ ಬೀಸುವ ಗಾಳಿಯು ಮಳೆಗಿಂತ ಮೊದಲು ಬಂದು ಮಳೆಗಿಂತ ಹೆಚ್ಚು ಕೇಡನ್ನು ಮಾಡುವುದುಂಟು. ಈ ಸೀಮೆಯಲ್ಲಿ ಅನೇಕ ಕಡೆ ಮಣ್ಣು ತೆಳುವಾಗಿದ್ದು ಕೆಳಗೆ ಬಂಡೆಯಿರುವುದರಿಂದ, ಬೇರುಗಳು ಆಳಕ್ಕಿಳಿಯದೆ ಅಗಲವಾಗಿ ಹರಡುವುವು. ಆದಕಾರಣ ಮರದ ಬುಡವನ್ನು ಮೊದಲು ಪರೀಕ್ಷಿಸತಕ್ಕದ್ದು. ಎಳವೆಯಿಂದ ಬಾಗಿ ಬೆಳೆದ ಮರಕ್ಕಿಂತ ಈಚೆಗೆ ಬಾಗತೊಡಗಿದ ಮರವು ಹೆಚ್ಚು ಅಪಾಯಕರ. ಬಾಗಿದ ದಿಕ್ಕಿಗೆ ಎದುರಾದ ಮಗ್ಗುಲಲ್ಲಿ ನೆಲವು ಬಿರಿದಿದ್ದರೆ ಅಥವಾ ಉಬ್ಬಿದ್ದರೆ, ಬೇರು ಕಿತ್ತು ಬರುತ್ತಿರುವುದೆಂದು ತಿಳಿಯಬೇಕು. ಬುಡದಲ್ಲಿ ಅಣಬೆ ಮೂಡುವುದು ಒಳಗಿನ ಕೊಳೆತದ ಗುರುತು. ಕೊಡಲಿಯ ಹಿಂಬದಿಯಿಂದ ತಟ್ಟಿದಾಗ ಡೋಲಿನಂತಹ ಸದ್ದು ಬಂದರೆ ಕಾಂಡವು ಟೊಳ್ಳಾಗಿರಬಹುದು. ಸಮನಾದ ಎರಡು ಕವಲುಗಳು ಇಕ್ಕಟ್ಟಾಗಿ ಕೂಡಿದೆಡೆಯಲ್ಲಿ ಸೀಳು ಕಂಡರೆ, ಅಲ್ಲಿಂದಲೇ ಮರವು ಇಬ್ಭಾಗವಾಗುವ ಸಂಭವವಿದೆ.

ಇವುಗಳಲ್ಲಿ ಒಂದು ಕಂಡೊಡನೆ ಮರವನ್ನೇ ತೆಗೆಯಬೇಕೆಂದು ನಾವು ಹೇಳುವುದಿಲ್ಲ. ಒಣಗಿದ ಕೊಂಬೆಯೊಂದು ಸೂರಿನ ಮೇಲೆ ಚಾಚಿಕೊಂಡಿದ್ದರೆ ಅದನ್ನು ಮಾತ್ರ ಇಳಿಸಿದರೆ ಸಾಕು. ಬಿಸಿಲಿನ ನಾಡಿನಲ್ಲಿ ಹೊಂಗೆ ಬೇವುಗಳ ನೆರಳನ್ನು ಕಳೆದುಕೊಳ್ಳುವುದು ಒಂದು ದಿನದ ಕೆಲಸ. ಮರಳಿ ಪಡೆಯುವುದು ಹಲವು ವರ್ಷಗಳ ಕೆಲಸ. ಯಾವುದನ್ನು ಉಳಿಸಬಹುದು, ಯಾವುದನ್ನು ತೆಗೆಯಬೇಕು ಎಂಬ ಪ್ರಶ್ನೆಯನ್ನು, ಆ ಮರದ ಸೌದೆಯಿಂದ ಲಾಭ ಪಡೆಯದವರಲ್ಲಿ ಕೇಳಬೇಕು. ಅರಣ್ಯ, ತೋಟಗಾರಿಕೆ ಇಲಾಖೆಗಳವರೂ ಅನುಭವಸ್ಥರಾದ ರೈತರೂ ಇದಕ್ಕೆ ತಕ್ಕವರು.

ತೆಗೆಯಲೇಬೇಕೆಂದು ನಿಶ್ಚಯವಾದ ಮೇಲೆ ಕಾನೂನಿನ ಮಾತು. ೧೯೭೬ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯ ಮೇರೆಗೆ, ಸ್ವಂತ ಜಾಗದ ಮರವಾದರೂ ಅದನ್ನು ಕಡಿಯುವ ಮುನ್ನ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆಯಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಮರವು ಸತ್ತಿದ್ದರೆ, ರೋಗ ತಗಲಿದ್ದರೆ, ಇಲ್ಲವೆ ಪ್ರಾಣಕ್ಕಾಗಲಿ ಆಸ್ತಿಗಾಗಲಿ ಅಪಾಯಕರವಾಗಿದ್ದರೆ ಅನುಮತಿಯನ್ನು ನಿರಾಕರಿಸಕೂಡದೆಂದೂ ಆ ಕಾಯಿದೆಯೇ ಹೇಳುವುದು. ಆದುದರಿಂದ ಅರ್ಜಿಯಲ್ಲಿ ಅಪಾಯದ ಸ್ವರೂಪವನ್ನು ಸ್ಪಷ್ಟವಾಗಿ ಬರೆದು, ಮರದ ಛಾಯಾಚಿತ್ರವನ್ನು ಲಗತ್ತಿಸುವುದು ಲೇಸು. ಶ್ರೀಗಂಧವು ೨೦೦೧ರ ತಿದ್ದುಪಡಿಯ ತರುವಾಯ ಭೂಮಿಯ ಒಡೆಯನ ಸ್ವತ್ತಾಗಿದ್ದರೂ, ಅದನ್ನು ಕಡಿಯಲು ಇಲಾಖೆಯ ಅಪ್ಪಣೆ ಬೇಕು. ಗುತ್ತಿಗೆದಾರನು ಅದನ್ನೆಲ್ಲ ತಾನೇ ನೋಡಿಕೊಳ್ಳುವೆನೆಂದರೆ, ಅನುಮತಿಯ ಕಾಗದವನ್ನು ಕಣ್ಣಾರೆ ಕಂಡ ಮೇಲೆಯೇ ಕೊಡಲಿ ಹಾಕಗೊಡಬೇಕು.

ಇನ್ನು ಗುತ್ತಿಗೆಯ ವಿಚಾರ. ‘ಮರವನ್ನು ನೀನೇ ಒಯ್ಯಿ, ಕೂಲಿಯನ್ನು ಕೇಳಬೇಡ’ ಎಂಬುದು ಊರುಗಳಲ್ಲಿ ಕಂಡುಬರುವ ವಾಡಿಕೆ. ಮೇಲುನೋಟಕ್ಕೆ ಇಬ್ಬರಿಗೂ ಅನುಕೂಲವಾದ ಈ ಏರ್ಪಾಡೇ ಅನರ್ಥಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ. ಬಯಲಿನಲ್ಲಿ ನಿಂತ ಮರವನ್ನು ಬುಡದಲ್ಲಿ ಕೊಯ್ದು ಒಂದೇ ಸಲಕ್ಕೆ ಕೆಡಹಬಹುದು. ಅಲ್ಲಿಯೂ ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಬಾರದೆಂಬುದು ತಿಳಿದವರ ನಿಯಮ. ೫೦ ಅಡಿಯ ಮರಕ್ಕೆ ೧೦೦ ಅಡಿ. ಇಷ್ಟು ಜಾಗ ಯಾರ ಹಿತ್ತಿಲಿನಲ್ಲಿದೆ? ಆದುದರಿಂದ ಮನೆಗಳ ನಡುವಿನ ಮರವನ್ನು ತುದಿಯಿಂದ ಬುಡದ ಕಡೆಗೆ ತುಂಡುತುಂಡಾಗಿ ಕೊಯ್ದು, ಒಂದೊಂದು ತುಂಡನ್ನೂ ಹಗ್ಗ ಕಟ್ಟಿ ಇಳಿಸಬೇಕು. ಇದು ನಿಧಾನದ ಕೆಲಸ. ಕೂಲಿಯು ಮರದ ರೂಪದಲ್ಲಿ ಸಲ್ಲುವುದಾದರೆ ನಿಧಾನಕ್ಕೆ ಕೂಲಿಯಿಲ್ಲದಂತಾಯಿತು. ಅದಲ್ಲದೆ ಉದ್ದವಾದ ದಿಮ್ಮಿಗೆ ಬೆಲೆ ಹೆಚ್ಚು, ತುಂಡು ಸೌದೆಗೆ ಕಡಮೆ. ಬೇಗನೆ ಮುಗಿಸಿ, ದಿಮ್ಮಿಯನ್ನು ಉದ್ದವಾಗಿ ಉಳಿಸಿಕೊಳ್ಳುವ ಕಡೆಗೆ ಗುತ್ತಿಗೆದಾರನ ಮನಸ್ಸು ವಾಲುವುದು ಸಹಜ. ಅವನು ದುಷ್ಟನೆಂದಲ್ಲ, ಕರಾರೇ ಅವನನ್ನು ಆ ಕಡೆಗೆ ತಳ್ಳುವುದು. ಟೊಳ್ಳಾದ ಮರದಿಂದ ತನಗೆ ಗಿಟ್ಟದೆಂದು, ಪಕ್ಕದ ಗಟ್ಟಿಮರವನ್ನೂ ಸೇರಿಸಿ ಕೊಡಿರೆಂದು ಅವನು ಕೇಳುವನು. ಹೀಗೆ ಬೀಳುವ ಮರದೊಡನೆ ಬಾಳುವ ಮರವೂ ಹೋಗುವುದು. ಆದುದರಿಂದ ಕೂಲಿಯನ್ನೂ ಮರದ ಬೆಲೆಯನ್ನೂ ಬೇರೆ ಬೇರೆಯಾಗಿ ಮಾತನಾಡತಕ್ಕದ್ದು. ಕೂಲಿಯು ಹಣವಾಗಿ ಸಲ್ಲಲಿ. ಸೌದೆಯನ್ನು ಅವನಿಗೇ ಮಾರಿದರೂ ಆ ಲೆಕ್ಕವು ಪ್ರತ್ಯೇಕವಾಗಿರಲಿ.

ಮರವನ್ನೇರುವವನು ಅನೇಕ ವೇಳೆ ಗುತ್ತಿಗೆದಾರನಲ್ಲ, ಅವನು ಕರೆತಂದ ಕೂಲಿಯಾಳು. ಮಾತುಕತೆಯ ಕಾಲದಲ್ಲಿ ಅವನ ಮುಖವನ್ನೇ ಗೃಹಸ್ಥನು ನೋಡಿರುವುದಿಲ್ಲ. ಗುತ್ತಿಗೆಗೆ ಒಪ್ಪಿಸಿಯಾಯಿತು, ಮುಂದಿನದು ಅವರ ಹೊಣೆಯೆಂಬ ಮಾತು ಕಾಗದದಲ್ಲಿ ನಿಂತೀತು. ಹಿತ್ತಿಲಿನಲ್ಲಿ ಬಿದ್ದವನ ಹೆಂಡತಿ ಮಕ್ಕಳ ಎದುರಿಗೆ ನಿಲ್ಲಲಾರದು. ಆದಕಾರಣ ದರವನ್ನು ಕೇಳುವ ಮೊದಲು ಕೇಳಬೇಕಾದುದು ಇದು: ಹತ್ತುವವರು ಯಾರು? ಅವರಿಗೆ ಗಟ್ಟಿಯಾದ ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ಟುಗಳುಂಟೆ? ಕೆಳಗೆ ಹಗ್ಗವನ್ನು ಹಿಡಿಯುವವರೆಷ್ಟು ಮಂದಿ? ಏಣಿಯ ಮೇಲೆ ನಿಂತು ಯಂತ್ರದ ಗರಗಸವನ್ನು ಆಡಿಸಗೊಡಬಾರದು. ಕಾಂಡವು ಟೊಳ್ಳಾಗಿದ್ದರೆ ಆಳನ್ನು ಹತ್ತಿಸಲೇಬಾರದು. ಖರ್ಚು ಹೆಚ್ಚಾದರೂ ಕ್ರೇನನ್ನು ತರಿಸತಕ್ಕದ್ದು. ವಿಮೆಯ ವಿಷಯವನ್ನೂ ವಿಚಾರಿಸಬೇಕು. ೨೦೧೫ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, ಬ್ಯಾಂಕಿನ ಖಾತೆಯುಳ್ಳ ೧೮ರಿಂದ ೭೦ ವರ್ಷದವರು ಸೇರಬಹುದು. ೨೦೨೨ರಲ್ಲಿ ನಿಗದಿಯಾದ ಕಂತು ವರ್ಷಕ್ಕೆ ೨೦ ರೂಪಾಯಿ. ಅಪಘಾತದಲ್ಲಿ ಮರಣವಾದರೆ ಮನೆಯವರಿಗೆ ೨ ಲಕ್ಷ ರೂಪಾಯಿ ಸಲ್ಲುವುದು. ಆಳುಗಳು ಸೇರಿರದಿದ್ದರೆ ಮೊದಲು ಸೇರಿಸಿ, ಬಳಿಕ ಕೆಲಸಕ್ಕೆ ಕರೆಯುವುದು ಯಾವ ಗೃಹಸ್ಥನಿಗೂ ಭಾರವಾಗಲಾರದು.

ಒಪ್ಪಂದವು ಒಂದು ಹಾಳೆಯಷ್ಟಾದರೂ ಬರೆಹದಲ್ಲಿರಬೇಕು. ಯಾವ ಮರ, ಎಷ್ಟು ಕೊಂಬೆ, ಬೊಡ್ಡೆಯನ್ನು ಅಗೆದು ತೆಗೆಯುವುದೋ ನೆಲಮಟ್ಟಕ್ಕೆ ಬಿಡುವುದೋ, ಸೊಪ್ಪುಸದೆಗಳನ್ನು ಯಾರು ಸಾಗಿಸುವರು, ಗೋಡೆಗಾಗಲಿ ನೆರೆಮನೆಯ ಸೂರಿಗಾಗಲಿ ಹಾನಿಯಾದರೆ ತುಂಬಿಕೊಡುವವರಾರು, ಕೆಲಸವೆಷ್ಟು ದಿನ, ಇಷ್ಟನ್ನೂ ಬರೆದು ಇಬ್ಬರೂ ರುಜು ಮಾಡಬೇಕು. ಮುಂಗಡವು ಅಲ್ಪವಾಗಿರಲಿ, ಉಳಿದುದು ಹಿತ್ತಿಲು ಚೊಕ್ಕಟವಾದ ಮೇಲೆ. ಇಬ್ಬರು ಮೂವರಿಂದ ದರವನ್ನು ತಿಳಿದುಕೊಳ್ಳುವುದು ಒಳ್ಳೆಯದೇ. ಆದರೆ ಎಲ್ಲರಿಗಿಂತ ಬಹಳ ಕಡಮೆ ಹೇಳುವವನು ಏನನ್ನು ಬಿಟ್ಟು ಲೆಕ್ಕ ಹಾಕಿರುವನೆಂದು ವಿಚಾರಿಸಬೇಕು. ಅವನು ಬಿಟ್ಟಿರುವುದು ಹಗ್ಗದ ಆಳನ್ನೇ ಆಗಿರಬಹುದು.

ಕೊಂಬೆಗಳು ವಿದ್ಯುತ್ ತಂತಿಯ ಸಮೀಪದಲ್ಲಿದ್ದರೆ ಬೆಸ್ಕಾಂನವರಿಗೆ, ೧೯೧೨ರ ಸಹಾಯವಾಣಿಯ ಮೂಲಕವಾದರೂ, ಮುಂಚಿತವಾಗಿ ತಿಳಿಸಿ, ಅವರು ವಿದ್ಯುತ್ತನ್ನು ನಿಲ್ಲಿಸಿದ ಮೇಲೆಯೇ ಕೆಲಸವನ್ನು ಆರಂಭಿಸತಕ್ಕದ್ದು. ಹಸಿಯ ಕೊಂಬೆಯಲ್ಲಿ ವಿದ್ಯುತ್ತು ಹರಿಯುವುದೆಂಬುದನ್ನು ಮರೆಯಬಾರದು. ನೆರೆಯವರಿಗೆ ಹಿಂದಿನ ದಿನವೇ ಹೇಳಿ, ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಬೇಕು. ಗಾಳಿಯೆದ್ದ ದಿನ ಕೆಲಸವನ್ನು ಮುಂದಕ್ಕೆ ಹಾಕಿದರೆ ನಷ್ಟವೇನೂ ಇಲ್ಲ. ಇದಕ್ಕೆಲ್ಲ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲವೇ ಪ್ರಶಸ್ತ. ಅನುಮತಿಗೆ ವೇಳೆಯಿರುವುದು, ಭರಣಿಯ ಗಾಳಿಗೆ ಮೊದಲೇ ಕೆಲಸವೂ ಮುಗಿಯುವುದು.

ಮರವು ಹೋದ ಹಿತ್ತಿಲಿಗೆ ಬರುವ ಮಳೆಗಾಲದಲ್ಲಿ ಇನ್ನೊಂದು ಸಸಿಯನ್ನು, ಗೋಡೆಗೂ ತಂತಿಗೂ ದೂರವಾಗಿ ನೆಡುವುದು ಗೃಹಸ್ಥಧರ್ಮ. ಅದಕ್ಕಿಂತ ಮೊದಲು ಸಲ್ಲಬೇಕಾದ ಧರ್ಮವು ಮರದ ಮೇಲಿರುವವನದು. ಬೆಳಗ್ಗೆ ನಮ್ಮ ಹಿತ್ತಿಲಿಗೆ ಬಂದವನು ಸಂಜೆ ತನ್ನ ಕಾಲಿನ ಮೇಲೆ ನಡೆದು ಮನೆಗೆ ಹೋಗುವಂತೆ ಕರಾರನ್ನು ಮಾಡಿಕೊಂಡ ಗೃಹಸ್ಥನು, ನಾಲ್ಕು ಕಾಸು ಹೆಚ್ಚು ಕೊಟ್ಟಿದ್ದರೂ ನಷ್ಟಪಟ್ಟವನಲ್ಲ.