ತೆಗೆಯಾಕೆ ಬರದಿದ್ದ ಮೇಲೆ ಅದೆಂಥಾ ಕಿಟಕಿ?

ದಸರಾ ರಜೆ ಹತ್ರ ಬಂತಂದ್ರೆ ದಾವಣಗೆರೆಯಾಗೂ ಹರಿಹರದಾಗೂ ಮನೆಮನೆಯಲ್ಲಿ ಒಂದೇ ಮಾತು. ಧರ್ಮಸ್ಥಳಕ್ಕೆ ಹೋಗಿ ಬರಾಣ, ಹಂಗೇ ಶೃಂಗೇರಿ, ಹೊರನಾಡು ಮುಗಿಸ್ಕಂಡು ಬರಾಣ ಅಂತ. ಅತ್ತಿಗೆ ಮನೆಯವ್ರು, ನಾದಿನಿ ಮನೆಯವ್ರು, ಮಕ್ಕಳು ಮರಿ ಸೇರಿ ಹದಿನಾಲ್ಕು ಜನ ಲೆಕ್ಕ ಆದ್ರೆ ಟಿಟಿ ಮಾಡ್ಲೇಬೇಕು. ಆಮೇಲೆ ಗಂಡಸ್ರು ಫೋನ್ ಹಿಡ್ಕಂಡು ಗಾಡಿಯವ್ರ ಜೊತೆ ಮಾತಿಗೆ ನಿಲ್ತಾರೆ. ಎಸಿ ಐತೇನ್ರಿ? ಪುಷ್‌ಬ್ಯಾಕ್ ಸೀಟೇನ್ರಿ? ಟಿವಿ ಐತಾ? ಕಿಲೋಮೀಟರಿಗೆ ಎಷ್ಟು? ಎಲ್ಲಾ ಕೇಳ್ತಾರೆ. ಕಿಟಕಿ ಎಂಥವು ಅಂತ ಮಾತ್ರ ಒಬ್ರೂ ಕೇಳಲ್ಲ.

ನಾನು ಹೇಳಾದು ಇಷ್ಟೇ. ಮೊದಲು ಕಿಟಕಿ ಕೇಳ್ರಿ, ಆಮೇಲೆ ಎಸಿ ಕೇಳ್ರಿ. ಕಿಟಕಿ ತೆಗೆಯಾಕೆ ಬರದಿರೋ ಗಾಡಿ ಎಷ್ಟೇ ತಣ್ಣಗಿದ್ರೂ, ಎಷ್ಟೇ ಬಣ್ಣದ ಲೈಟ್ ಹಾಕಿದ್ರೂ, ಮಕ್ಕಳು ಮುದುಕ್ರು ಇರೋ ಸಂಸಾರಕ್ಕೆ ಬ್ಯಾಡ. ಇದಕ್ಕೆ ನಮ್ಮ ಮನೆಯಾಗೇ ಹಳೇ ಕಾಲದವಳು ಅಂತ ನಗ್ತಾರೆ. ನಗ್ಲಿ. ನನ್ನ ಕಾರಣ ಕೇಳಿ ಆಮೇಲೆ ನಗ್ಲಿ.

ಗಾಡಿ ಕಿಟಕಿಗಳಲ್ಲಿ ನಾವು ಕಂಡಿರಾದು ಮೂರು ತರ. ಮೊದಲನೇದು ನಾವು ಚಿಕ್ಕವರಿದ್ದಾಗಿನ ಶಟರ್. ಮೇಲಕ್ಕೆ ಎತ್ತಿ ಸಿಗಿಸಾದು, ಮಳೆ ಬಂದ್ರೆ ಕೆಳಗೆ ಇಳಿಸಾದು. ಅದನ್ನ ನಾನು ಹೊಗಳಾಕೆ ಹೋಗಲ್ಲ. ಇಳಿಸಿದ್ರೆ ಒಳಗೆ ಕತ್ತಲು, ಎತ್ತಿದ್ರೆ ಯಾವಾಗ ಧಡಕ್ ಅಂತ ಬೆರಳ ಮೇಲೆ ಬೀಳ್ತೈತೋ ಅನ್ನೋ ಭಯ. ಎರಡನೇದು ಜಾರಿಸೋ ಗಾಜು, ಸ್ಲೈಡಿಂಗ್ ಅಂತಾರಲ್ಲ ಅದು. ನಮ್ಮ ಕೆಂಪು ಬಸ್ಸಲ್ಲಿ, ಹಳೇ ಮೆಟಡೋರ್‌ನಲ್ಲಿ, ಬಹಳ ಟಿಟಿಗಳಲ್ಲಿ ಇರಾದು ಅದೇ. ಮೂರನೇದು ಈಗ ಫ್ಯಾಷನ್ ಆಗಿರೋ ಫಿಕ್ಸ್ ಗಾಜು. ಒಂದೇ ದೊಡ್ಡ ಗಾಜನ್ನ ಸುತ್ತ ಗಮ್ ಹಾಕಿ ಬಾಡಿಗೆ ಅಂಟಿಸಿಬಿಟ್ಟಿರ್ತಾರೆ. ಹೊರಗಿಂದ ನೋಡಾಕೆ ಅರಮನೆ ಇದ್ದಂಗೆ ಕಾಣ್ತೈತಿ. ಒಳಗೆ ಕೂತವ್ರಿಗೆ ಅದು ಗಾಜಿನ ಗೋಡೆ.

ಫಿಕ್ಸ್ ಗಾಜಿನವ್ರ ಮಾತೂ ಕೇಳಾಣ. ಧೂಳು ಬರಲ್ಲ ಅಂತಾರೆ, ಖರೆ. ಗಾಳಿ ಸದ್ದಿಲ್ಲ, ಮಾತಾಡಿದ್ದು ಕೇಳಿಸ್ತೈತಿ ಅಂತಾರೆ, ಅದೂ ಖರೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರ ಬಿಸಿಲಿಗೆ ಎಸಿ ಇಲ್ದೆ ಕೂರಾಕಾಗಲ್ಲ ಅಂತಾರೆ, ಅದನ್ನೂ ಒಪ್ತೀನಿ. ಆದ್ರೆ ನೋಡ್ರಿ, ಜಾರಿಸೋ ಗಾಜು ಮುಚ್ಚಾಕೂ ಬರ್ತೈತಿ. ಎಸಿ ಬೇಕಾದಾಗ ಮುಚ್ಕಳ್ರಿ, ಲಾರಿ ಹೊಗೆ ಬಂದ್ರೆ ಮುಚ್ಕಳ್ರಿ, ಹೊಳೆ ದಾಟೋ ಹೊತ್ತಿಗೆ ಫ್ಯಾಕ್ಟರಿ ವಾಸನೆ ಬಂದ್ರೆ ಮುಚ್ಕಳ್ರಿ. ಬ್ಯಾಡಾದಾಗ ತೆಗೀರಿ. ಜಾರಿಸೋ ಗಾಜು ಎರಡೂ ಕೆಲಸ ಮಾಡ್ತೈತಿ, ಫಿಕ್ಸ್ ಗಾಜು ಒಂದೇ ಕೆಲಸ ಮಾಡ್ತೈತಿ. ಮಾರ್ಕೆಟಲ್ಲಿ ನಾಲ್ಕು ರೂಪಾಯಿ ಸೊಪ್ಪಿಗೆ ಚೌಕಾಸಿ ಮಾಡೋ ನಾವು, ಒಂದೇ ಕೆಲಸ ಮಾಡೋದಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡ್ಬೇಕು?

ಈಗ ಹೊಟ್ಟೆ ವಿಷಯಕ್ಕೆ ಬರಾಣ. ದಾವಣಗೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳೀಬೇಕು. ಹದಿನಾಲ್ಕು ತಿರುವು ಅದಾವೆ ಅಲ್ಲಿ. ಮೂರನೇ ತಿರುವಿಗೇ ಮಕ್ಕಳ ಮುಖ ಬೆಳ್ಳಗಾಗ್ತೈತಿ, ಐದನೇ ತಿರುವಿಗೆ ದೊಡ್ಡವ್ರದ್ದೂ. ಕಿವಿಯೊಳಗಿನ ತೂಕ ಹಿಡಿಯೋ ಜಾಗ ಗಾಡಿ ತಿರುಗ್ತೈತಿ ಅಂತೈತಿ, ಸೀಟಿನ ಬೆನ್ನು ನೋಡ್ಕಂಡು ಕೂತ ಕಣ್ಣು ಏನೂ ತಿರುಗ್ತಿಲ್ಲ ಅಂತೈತಿ. ಆ ಜಗಳಕ್ಕೆ ಹೊಟ್ಟೆ ತೊಳೆಸ್ತೈತಿ. ದೂರ ನೋಡ್ರಿ, ಮುಖಕ್ಕೆ ಗಾಳಿ ತಗಳ್ರಿ ಅಂತ ಡಾಕ್ಟ್ರೂ ಹೇಳ್ತಾರೆ, ನಮ್ಮಜ್ಜಿನೂ ಹೇಳ್ತಿತ್ತು. ಗಾಳಿ ಎಲ್ಲಿಂದ ತರಾದು? ಹೋದ ಸಲ ನಾವು ಮಾಡಿದ್ದ ಗಾಡಿದು ಪೂರ್ತಿ ಫಿಕ್ಸ್ ಗಾಜು. ಏರು ಬಂದಾಗ ಇಂಜಿನ್ ಎಳೆಯಲ್ಲ ಅಂತ ಡ್ರೈವರ್ ಎಸಿ ಆಫ್ ಮಾಡ್ದ. ಹದಿನಾಲ್ಕು ಜನರ ಉಸಿರು, ಬುತ್ತಿಯ ಶೇಂಗಾ ಚಟ್ನಿ ವಾಸನೆ, ಮಂಡಕ್ಕಿ ಮಿರ್ಚಿ ಕಟ್ಟಿಸ್ಕಂಡಿದ್ದ ಪೇಪರಿನ ಎಣ್ಣೆ ಘಾಟು, ಎಲ್ಲಾ ಒಳಗೇ. ನಮ್ಮ ವಾರಗಿತ್ತಿ ಮಗಳು ಪ್ಲಾಸ್ಟಿಕ್ ಕವರ್ ಹಿಡ್ಕಂಡು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗೈತಿ. ಅಡಿಗೆಮನೆ ಕಿಟಕಿ ಮುಚ್ಕಂಡು ಒಣಮೆಣಸಿನಕಾಯಿ ಒಗ್ಗರಣೆ ಹಾಕ್ತೀರೇನ್ರಿ ನೀವು? ಮತ್ತೆ ಗಾಡಿಯೊಳಗೆ ಯಾಕೆ ಹಂಗೆ ಕೂರ್ತೀರಿ?

ವಾಂತಿ ಅಂದ್ರೆ ಒರೆಸಿ ತೊಳ್ದು ಮರೀಬಹುದು. ಮರೆಯಾಕಾಗದಂಥದ್ದೂ ಐತಿ.

2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ವೋಲ್ವೋ ಬಸ್ಸು ಪಾಲೆಂ ಹತ್ರ ಹೊತ್ತಿ ಉರೀತು. 45 ಜನ ಹೋದ್ರು. ಹದಿನೈದೇ ದಿನಕ್ಕೆ, ನವೆಂಬರ್ 14ಕ್ಕೆ, ಬೆಂಗಳೂರಿನಿಂದ ಮುಂಬೈ ಕಡೆ ಹೊರಟಿದ್ದ ಇನ್ನೊಂದು ವೋಲ್ವೋ ನಮ್ಮ ಹಾವೇರಿ ಹತ್ರ ಉರೀತು, 7 ಜನ ಹೋದ್ರು. ನಮ್ಮೂರ ಪಕ್ಕದಾಗೇ ಹಾದು ಹೋಗೋ ಹೈವೇ ಅದು. 2025ರ ಅಕ್ಟೋಬರ್ 24ಕ್ಕೆ ಕರ್ನೂಲ್ ಹತ್ರ ಮತ್ತೆ ಹಂಗೇ ಒಂದು ಸ್ಲೀಪರ್ ಬಸ್ಸು. ಬದುಕಿ ಬಂದವ್ರಲ್ಲಿ ಗಾಜು ಒಡ್ಕಂಡು ಹಾರಿದವ್ರೇ ಬಹಳ ಜನ. ಬೆಂಕಿ ಹತ್ತಾಕೆ ಕಿಟಕಿ ಕಾರಣ ಅಂತ ನಾನು ಹೇಳ್ತಿಲ್ಲ. ಬೆಂಕಿ ಹತ್ತಿದ ಮೇಲೆ ಹೊರಗೆ ಬರಾಕೆ ದಾರಿ ಎಲ್ಲಿ ಅಂತ ಕೇಳ್ತಿದೀನಿ. ಫಿಕ್ಸ್ ಗಾಜು ಇದ್ರೆ ಒಡೀಬೇಕು. ಕತ್ತಲಾಗೆ, ಹೊಗೆಯೊಳಗೆ, ಸೊಂಟದ ಮೇಲೆ ಕೂಸು ಇಟ್ಕಂಡು, ಸುತ್ತಿಗೆ ಎಲ್ಲೈತಿ ಅಂತ ಹುಡುಕಬೇಕು.

ಟಿಟಿ ಚಿಕ್ಕದು, ಹಂಗೇನಾಗಲ್ಲ ಅಂತಾರೆ. ಚಿಕ್ಕದಾದಷ್ಟೂ ದಾರಿ ಕಮ್ಮಿ ಅಲ್ಲೇನ್ರಿ? ಪಕ್ಕದಾಗೆ ಒಂದು ಬಾಗಿಲು. ಹಿಂದಿನ ಬಾಗಿಲಿಗೆ ನಾವೇ ಬ್ಯಾಗು, ಕ್ಯಾನು, ಚಾಪೆ ಒಟ್ಟಿರ್ತೀವಿ. ಗಾಡಿ ಬಾಗಿಲ ಕಡೆಗೇ ಮಗುಚಿದ್ರೆ ಉಳಿಯಾದು ಕಿಟಕಿ ಒಂದೇ.

ಇನ್ನೊಂದು ಕೇಳ್ರಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಾಗೆ ರಸ್ತೆ ಪಕ್ಕ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಸಿಕ್ಕಿದ್ರು. ಕ್ಯಾರವಾನ್ ಅಂದ್ರೆ ಮಲಗಾಕೆ ಹಾಸಿಗೆ ಎಲ್ಲಾ ಇರೋ ಗಾಡಿ. ಜನರೇಟರ್ ಹಾಕ್ಕಂಡು, ಎಸಿ ಹಚ್ಕಂಡು ಮಲಗಿದ್ರು. ಜನರೇಟರಿನ ವಿಷಗಾಳಿ ಒಳಗೆ ಬಂದಿತ್ತು. ಕಾರ್ಬನ್ ಮಾನಾಕ್ಸೈಡ್ ಅಂತಾರೆ ಅದಕ್ಕೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವ್ರಿಗೆ ಎಚ್ಚರಾನೇ ಆಗಲ್ಲ. ನಮ್ಮವ್ರೂ ಮಾಡ್ತಾರಲ್ಲ, ರೂಮ್ ಸಿಗ್ಲಿಲ್ಲ ಅಂತ ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಗಾಜು ಮುಚ್ಕಂಡು, ಎಸಿಯಲ್ಲಿ ಮಲಗಾದು? ದಯವಿಟ್ಟು ಮಾಡಬ್ಯಾಡ್ರಿ. ಇಂಜಿನ್ ಬಂದ್ ಮಾಡಿ ಕಿಟಕಿ ತೆಗೆದು ಮಲಗ್ರಿ. ಸೊಳ್ಳೆ ಕಡಿದ್ರೆ ಕಡೀಲಿ, ಬೆಳಿಗ್ಗೆ ಏಳ್ತೀರಿ. ಆದ್ರೆ ತೆಗೆಯಾಕೆ ಕಿಟಕಿ ಇರಬೇಕಲ್ಲ!

ಹೆಣ್ಮಕ್ಕಳಾಗಿ ನಾವು ನೆನಪಿಡಬೇಕಾದ್ದು ಇನ್ನೊಂದೈತಿ. ಫಿಕ್ಸ್ ಗಾಜಿನ ಜೊತೆಗೇ ಬರಾದು ಕಪ್ಪು ಫಿಲ್ಮು, ಪರದೆ. ಗಾಡಿ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರ್ದು ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳೈತಿ. ಅದೇ ವರ್ಷ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಆ ಹುಡುಗಿಗೆ ಆದದ್ದು ಓಡೋ ಬಸ್ಸಿನೊಳಗೆ, ಕಪ್ಪು ಗಾಜು, ಪರದೆ ಹಿಂದೆ. ಒಳಗಿನ ಕೂಗು ಹೊರಗೆ ಕೇಳದಂಥ, ಒಳಗಿರೋರು ಹೊರಗೆ ಕಾಣದಂಥ ಗಾಡಿಯನ್ನ ಮರ್ಯಾದೆ ಗಾಡಿ ಅಂತ ನಮಗೆ ಮಾರ್ತಾರೆ. ಕಾಲೇಜಿಗೆ, ಕೆಲಸಕ್ಕೆ ಹೋಗೋ ಹೆಣ್ಮಕ್ಕಳು ಹತ್ತೋ ಗಾಡಿಗೂ ಇದೇ ಮಾತು. ಕೈ ಹೊರಗೆ ಹಾಕಿ ಕೂಗಾಕೆ ಬರೋ ಕಿಟಕಿ ಇರಲಿ.

ಜಾರಿಸೋ ಗಾಜಲ್ಲಿ ಕೊರತೆ ಇಲ್ವಾ ಅಂದ್ರೆ ಐತಿ. ಎರಡು ಗಾಜು ಒಂದರ ಹಿಂದೆ ಒಂದು ಸರಿಯಾದ್ರಿಂದ ಅರ್ಧವೇ ತೆರೀತೈತಿ. ಸಣ್ಣ ಕಿಟಕಿ ಆದ್ರೆ ಆ ಅರ್ಧದಾಗೆ ಮಗು ದಾಟ್ತೈತಿ, ನನ್ನಂಥವ್ರು ದಾಟಲ್ಲ. ಕೆಲವು ಗಾಡಿಗೆ ಅಡ್ಡ ಸರಳು ಬ್ಯಾರೆ. ಮಕ್ಕಳು ತಲೆ ಹಾಕ್ತಾವೆ ಅಂತ ಒಂದು ಸರಳು ಸರಿ, ಮೂರು ಸರಳು ಹಾಕಿದ್ರೆ ಜೈಲು. ಅದಕ್ಕೇ ತೆರೆಯೋ ಕಿಟಕಿ ಇದ್ರೂ ಸುತ್ತಿಗೆ ಬೇಕು. ಪಕ್ಕದ ಗಾಜು ಟಫನ್ಡ್ ಆಗಿದ್ರೆ ನಡುವೆ ಹೊಡೀಬ್ಯಾಡ್ರಿ, ಮೂಲೆಗೆ ಚೂಪು ತುದಿಯಿಂದ ಹೊಡೀರಿ, ಕಲ್ಲುಸಕ್ಕರೆ ಹರಳಿನಂಗೆ ಉದುರ್ತೈತಿ. ಮುಂದಿನ ದೊಡ್ಡ ಗಾಜು ಹಂಗಲ್ಲ, ಎರಡು ಪದರದ ನಡುವೆ ಹಾಳೆ ಇರ್ತೈತಿ, ಬಿರುಕು ಬಿಟ್ರೂ ಉದುರಲ್ಲ. ಅದರ ಮೇಲೆ ಶಕ್ತಿ ಕಳೀಬ್ಯಾಡ್ರಿ.

ಮಳೆ ನೀರು ಒಳಗೆ ಬರ್ತೈತಿ ಅಂತ ಜಾರಿಸೋ ಗಾಜನ್ನ ಬೈಯೋರು ಬಹಳ. ಅದು ಗಾಜಿನ ತಪ್ಪಲ್ಲ, ನೋಡ್ಕಳ್ಳೋರ ತಪ್ಪು. ಗಾಜು ಓಡೋ ಕೆಳಗಿನ ಕಾಲುವೆಯಲ್ಲಿ ನೀರು ಹೊರಗೆ ಹೋಗಾಕೆ ಸಣ್ಣ ತೂತು ಇರ್ತಾವೆ. ಧೂಳು, ಕಡ್ಲೆಕಾಯಿ ಸಿಪ್ಪೆ ತುಂಬ್ಕಂಡು ಅವು ಮುಚ್ತಾವೆ. ಹಳೇ ಹಲ್ಲುಜ್ಜೋ ಬ್ರಷ್ ತಗಂಡು ಉಜ್ಜಿ, ಪೊರಕೆ ಕಡ್ಡಿಯಲ್ಲಿ ತೂತು ಬಿಡಿಸಿದ್ರೆ ನೀರು ತಾನೇ ಹೋಗ್ತೈತಿ. ಬಿಗಿ ಆಗಿದ್ರೆ ಕಾಲುವೆಗೆ ಮೇಣದಬತ್ತಿ ತಿಕ್ಕಿ, ಬೆಣ್ಣೆಯಂಗೆ ಜಾರ್ತೈತಿ. ಕೊಬ್ರಿ ಎಣ್ಣೆ ಮಾತ್ರ ಬ್ಯಾಡ, ಧೂಳು ಅಂಟಿ ಇನ್ನೂ ಗಟ್ಟಿ ಆಗ್ತೈತಿ. ಮನೆ ಕಿಟಕಿಗೂ ಇದೇ ಉಪಾಯ. ನಮ್ಮ ಬಂಧುಗಳಲ್ಲಿ ಯಾರಾದ್ರೂ ಹೊಸ ಗಾಡಿ ಬಾಡಿ ಕಟ್ಟಿಸೋರಿದ್ರೆ ಕಿಟಕಿಗೆ ಹೇಳೋ ಮಾತು ನಾಲ್ಕೇ. ಎಸಿ ಇರ್ಲಿ, ಗಾಜು ಜಾರಲಿ. ತೆರೆದ ಅರ್ಧದಾಗೆ ದೊಡ್ಡವ್ರು ದಾಟುವಷ್ಟು ಅಗಲ ಇರ್ಲಿ. ಚಿಲಕ ಮುದುಕರ ಕೈಗೂ ತೆಗೆಯಾಕೆ ಬರಲಿ. ಸುತ್ತಿಗೆ ಡ್ರೈವರ್ ಹತ್ರ ಅಲ್ಲ, ಸೀಟಿನ ಪಕ್ಕ ಇರಲಿ.

ನೆನಸ್ಕಂಡ್ರೆ ನಗು ಬರ್ತೈತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಾವು ಹೆಂಗಸ್ರು ಕೆಂಪು ಬಸ್ಸಲ್ಲಿ ಪುಕ್ಕಟೆ ಓಡಾಡ್ತಿದೀವಿ. ಎಸಿ ಬಸ್ಸಿಗೆ ಅದಿಲ್ಲ. ಅಂದ್ರೆ ತೆಗೆಯೋ ಕಿಟಕಿ ನಮಗೆ ಪುಕ್ಕಟೆ ಸಿಗ್ತೈತಿ, ಮುಚ್ಚಿದ ಗಾಜಿಗೆ ದುಡ್ಡು ಕೊಡ್ತೀವಿ. ಕೆಂಪು ಬಸ್ಸು ಹರಿಹರದ ಸೇತುವೆ ಮೇಲೆ ಹೋಗುವಾಗ ನೋಡ್ರಿ, ಕಿಟಕಿ ಪಕ್ಕ ಕೂತ ಅಜ್ಜಿ ಗಾಜು ಸರಿಸಿ ತುಂಗಭದ್ರೆಗೆ ಒಂದು ರೂಪಾಯಿ ಹಾಕಿ ಕೈ ಮುಗೀತೈತಿ. ಹೊಳೆ ಗಾಳಿ ಮುಖಕ್ಕೆ ಬಡೀತೈತಿ. ಸಾವಿರಾರು ರೂಪಾಯಿ ಕೊಟ್ಟ ಗಾಡಿಯಲ್ಲಿ ಕೂತವ್ರು ಗಾಜಿಗೆ ಹಣೆ ಒತ್ತಿ ನೋಡ್ಬೇಕು.

ಈ ಆಯ್ಕೆಯನ್ನ ಮುಂದಿನ ಸೀಟಲ್ಲಿ ಕೂರೋರು ಮಾಡ್ತಾರೆ, ಅದೇ ತಕರಾರು ನನ್ನದು. ಡ್ರೈವರ್ ಪಕ್ಕ ಕೂತ ಗಂಡಸ್ರಿಗೆ ಮುಂದಿನ ಕಿಟಕಿ ಯಾವಾಗ್ಲೂ ಇಳೀತೈತಿ. ಹಿಂದೆ ಮಗು ತೊಡೆ ಮೇಲೆ ಹಾಕ್ಕಂಡು, ವಯಸ್ಸಾದ ಅತ್ತೆಗೆ ನೀರು ಕುಡಿಸ್ಕಂಡು, ಕವರ್ ಹಿಡ್ಕಂಡು ಕೂರೋರು ನಾವು. ಹಿಂದಿನ ಕಿಟಕಿ ಎಂಥದಿರಬೇಕು ಅಂತ ಹೇಳೋರೂ ನಾವೇ ಆಗ್ಬೇಕು. ಅಕ್ಕ, ತಂಗಿ, ಅತ್ತಿಗೆಯರೇ, ಈ ಸಲ ಗಾಡಿ ಬುಕ್ ಮಾಡೋ ಫೋನ್ ಒಂದು ನಿಮಿಷ ನಿಮ್ಮ ಕೈಗೆ ಇಸ್ಕಳ್ರಿ. ಬ್ಯಾರೆ ಏನೂ ಬ್ಯಾಡ. ‘ಹಿಂದಿನ ಕಿಟಕಿ ತೆಗೀತಾವೇನಪ್ಪಾ?’ ಅಂತ ಕೇಳ್ರಿ. ಇಲ್ಲ ಅಂದ್ರೆ, ಎಸಿ ಎಷ್ಟೇ ತಣ್ಣಗಿರಲಿ, ಬ್ಯಾರೆ ಗಾಡಿ ನೋಡ್ಕಳ್ತೀವಿ ಅಂತ ಇಟ್ಟುಬಿಡ್ರಿ.