ನೆತ್ತಿಗೆ ಹತ್ತಿದಾಗ ತಲೆ ತಟ್ಟಿದರೆ ಸಾಕೇ? ಮಗುವಿನ ಶ್ವಾಸನಾಳಕ್ಕೆ ಕಡಲೆಬೀಜ ಹೋದಾಗ ಆಗುವುದೇನು?

ತಿನ್ನುವಾಗ ಮಗು ಕೆಮ್ಮಿದರೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ನೆತ್ತಿ ತಟ್ಟುವ ಕೆಲಸ. 'ಯಾರೋ ನೆನೆಸಿಕೊಳ್ಳುತ್ತಿದ್ದಾರೆ' ಎಂಬ ಮಾತೂ ಬರುತ್ತದೆ. ನಿಜವಾಗಿ ಏನೂ ನೆತ್ತಿಗೆ ಹತ್ತಿರುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾದ ತುತ್ತು ಶ್ವಾಸನಾಳದ ಕಡೆ ತಿರುಗಿರುತ್ತದೆ, ಅದನ್ನು ಹೊರದಬ್ಬಲು ದೇಹ ಕೆಮ್ಮುತ್ತದೆ. ಬಹಳಷ್ಟು ಸಲ ಕೆಮ್ಮೇ ಗೆಲ್ಲುತ್ತದೆ, ಹೆಸರು ಮಾತ್ರ ತಲೆ ತಟ್ಟಿದವರಿಗೆ!

ಕೆಮ್ಮು ಸೋತಾಗ ಸಮಸ್ಯೆ. ಹೆಚ್ಚಾಗಿ ಸಿಕ್ಕಿಬೀಳುವವರು 3 ವರ್ಷದೊಳಗಿನ ಮಕ್ಕಳು. ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ತಿನ್ನುತ್ತಲೇ ಓಡುತ್ತಾರೆ, ನಗುತ್ತಾರೆ. ನಮ್ಮಲ್ಲಿ ಮೊದಲ ಆರೋಪಿ ಕಡಲೆಬೀಜ. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೇ ನೋಡಿ: ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಎಲ್ಲವೂ ಆ ಪುಟ್ಟ ನಾಳಕ್ಕೆ ಸರಿಹೊಂದುವ ಗಾತ್ರದವು.

ಬೀಜ ಶ್ವಾಸನಾಳ ದಾಟಿ ಒಂದು ಕವಲಿನಲ್ಲಿ ಕೂತರೆ ಮೋಸ ಶುರು. ಮಗು ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ, ಆಡಲು ಹೋಗುತ್ತದೆ. 'ಒಳಗೆ ಹೋಯ್ತು ಬಿಡು' ಎಂದು ಮನೆಯವರೂ ಮರೆಯುತ್ತಾರೆ. ಒಳಗೆ ಬೀಜ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆಯಿಂದ ಸುತ್ತಲಿನ ಪೊರೆ ಊದಿಕೊಳ್ಳುತ್ತದೆ. ಕೆಲವು ದಿನ ಅಥವಾ ವಾರಗಳ ನಂತರ ಕೆಮ್ಮು, ಉಬ್ಬಸ, ಜ್ವರ. ಶೀತ, ಅಸ್ತಮಾ, ನ್ಯುಮೋನಿಯಾ ಎಂದು ಸಿರಪ್, ನೆಬ್ಯುಲೈಸರ್ ನಡೆಯುತ್ತವೆ. ಸ್ವಲ್ಪ ಕಡಿಮೆಯಾಗಿ ಮತ್ತೆ ಬರುತ್ತದೆ. ಎರಡು ವರ್ಷದ ಮಗುವಿಗೆ ನಡೆದದ್ದನ್ನು ಹೇಳಲು ಬರುವುದಿಲ್ಲವಲ್ಲ.

'ಎಕ್ಸ್‌ರೇ ನಾರ್ಮಲ್, ಏನೂ ಇಲ್ಲ' ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ನಾಣ್ಯ, ಪಿನ್ನು ಎಕ್ಸ್‌ರೇಯಲ್ಲಿ ಕಾಣುತ್ತವೆ; ಬೀಜ, ಪ್ಲಾಸ್ಟಿಕ್ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ಅನುಮಾನ ಬಲವಾಗಿದ್ದರೆ ವೈದ್ಯರು ಬ್ರಾಂಕೋಸ್ಕೋಪಿ ಮಾಡುತ್ತಾರೆ. ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಕೊಳವೆ ಇಳಿಸಿ ವಸ್ತುವನ್ನು ಹಿಡಿದು ತೆಗೆಯುತ್ತಾರೆ, ಎದೆ ಕೊಯ್ಯುವುದಿಲ್ಲ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ರೈತರೊಬ್ಬರ ಶ್ವಾಸನಾಳದಿಂದ ಮೂಳೆ ತೆಗೆದದ್ದು ಇದೇ ದಾರಿಯಲ್ಲಿ.

ಇನ್ನು ಫಾರ್ವರ್ಡ್‌ಗಳ ಸಲಹೆ. ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಿದರೆ ಅವು ಹೋಗುವುದು ಅನ್ನನಾಳಕ್ಕೆ. ಬೀಜ ಇರುವುದು ಗಾಳಿಯ ದಾರಿಯಲ್ಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನಷ್ಟು ಒಳಗೆ ಹೋಗಬಹುದು. ಕಾಲು ಹಿಡಿದು ತಲೆಕೆಳಗೆ ಮಾಡುವುದೂ ಬೇಡ.

ಮಗು ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ ಎಂದರ್ಥ. ಕೆಮ್ಮಲು ಬಿಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಧ್ವನಿಯೇ ಬರದಿದ್ದರೆ, ತುಟಿ ನೀಲಿಯಾದರೆ ಕಾಯುವ ಸಮಯವಲ್ಲ. ಒಬ್ಬರು 108ಕ್ಕೆ ಕರೆ ಮಾಡಲಿ. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿನ ಮೇಲ್ಭಾಗದ ನಡುವೆ ಅಂಗೈ ಬುಡದಿಂದ 5 ಏಟು ಕೊಡಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಬಾರಿ ಒತ್ತಿ. ಇಷ್ಟು ಸಣ್ಣ ಕೂಸಿನ ಹೊಟ್ಟೆ ಒತ್ತಲೇಬಾರದು. ದೊಡ್ಡ ಮಕ್ಕಳಿಗೆ ಬೆನ್ನಿಗೆ 5 ಏಟು, ನಂತರ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು 5 ಬಾರಿ ಒಳಕ್ಕೂ ಮೇಲಕ್ಕೂ ಎಳೆಯಿರಿ. ವಸ್ತು ಹೊರಬರುವವರೆಗೆ ಇವನ್ನು ಒಂದಾದ ಮೇಲೊಂದು ಮಾಡುತ್ತಿರಿ. ಪ್ರಜ್ಞೆ ತಪ್ಪಿದರೆ ಸಿಪಿಆರ್ ಶುರು ಮಾಡಬೇಕು.

5 ವರ್ಷದವರೆಗೆ ಇಡಿ ಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ಮಗುವಿನ ಕೆಮ್ಮು ಎಷ್ಟು ಔಷಧಿಗೂ ಬಗ್ಗದಿದ್ದರೆ, ಹಿಂದೆಂದೋ ಏನನ್ನಾದರೂ ತಿನ್ನುವಾಗ ಅಥವಾ ಆಡುವಾಗ ಥಟ್ಟನೆ ಕೆಮ್ಮಿತ್ತೇ ಎಂದು ನೆನಪಿಸಿಕೊಳ್ಳಿ. ಅಜ್ಜಿಯನ್ನೂ, ಮಗು ನೋಡಿಕೊಳ್ಳುವವರನ್ನೂ ಕೇಳಿ. ವೈದ್ಯರು ಕೇಳದಿದ್ದರೂ ಅದನ್ನು ಅವರಿಗೆ ಹೇಳಿ.